ಹಳೇ ಗ್ಯಾಲರಿ

ಗೋಲು ಹೊಡೆದ ತಕ್ಷಣ ಪೂರ್ವದ ಗ್ಯಾಲರಿಗೆ ಓಡುವುದು, ಬೇಲಿ ಹಾರಿ ಅಲ್ಲಿನ ನಮ್ಮ ಅಭಿಮಾನಿಗಳ ಮೇಲೆ ಬೀಳುವುದು. ಹಳೇ ಕ್ಲಬ್ಬಿನಲ್ಲಿ ಎಷ್ಟೋ ವರ್ಷ ಸ್ಟ್ರೈಕರ್ ಆಗಿದ್ದ ನನಗೆ ಅದು ಕಾಲಿಗೇ ಹತ್ತಿದ ಚಟ.

ಈ ಸಲ ಬೇರೆ ಕ್ಲಬ್ಬು ನನ್ನನ್ನು ಕೊಂಡುಕೊಂಡಿತು. ಅವರ ಅಂಗಿ ತೊಟ್ಟು ಅದೇ ಹಳೇ ಮೈದಾನದಲ್ಲಿ ಹಳೇ ಕ್ಲಬ್ಬಿನ ವಿರುದ್ಧವೇ ಆಡುವ ದಿನವೂ ಬಂತು. ಆಟ ಇನ್ನೇನು ಮುಗಿಯಬೇಕು ಅನ್ನುವಾಗ ಪಂದ್ಯದ ಮೊದಲ ಗೋಲು ಹೊಡೆದೆ. ಕಾಲು ತಾನಾಗಿ ಪೂರ್ವಕ್ಕೆ ಓಡಿತು. ಇವರೀಗ ಎದುರಾಳಿ ಕಡೆಯವರು ಅಂತ ನೆನಪಾಗುವಷ್ಟರಲ್ಲಿ ನಾನು ಗಾಳಿಯಲ್ಲಿದ್ದೆ.

ಹೊಡೆಯುತ್ತಾರೆ ಅಂದುಕೊಂಡೆ. ಹೆಗಲ ಮೇಲೆ ಕೂರಿಸಿಕೊಂಡರು. ತಮಟೆ ಶುರುವಾಯಿತು. ಮೊದಲಿಂದ ನನ್ನ ಆಟ ನೋಡುತ್ತ ಬಂದ ಚೌರಪ್ಪಣ್ಣ ನನ್ನ ಬಾಯಿಗೆ ಕಡಲೆಮಿಠಾಯಿ ತುರುಕಿದರು.

“ಯಾವ ಅಂಗಿ ಹಾಕ್ಕೊಂಡ್ರೂ ನೀನು ನಮ್ಮ ಹುಡುಗ್ನೇ ಕಣೋ.”

ನನಗೆ ಕಣ್ಣು ತುಂಬಿ ಬಂತು. ಹೆಗಲ ಮೇಲೆ ಕೂತೇ ಕುಣಿದೆ. ಅಷ್ಟರಲ್ಲಿ ಮೈದಾನದಲ್ಲಿ ರೆಫರಿ ಸೀಟಿ ಊದಿದ.

“ಆಟ ಶುರುವಾಯ್ತು ಅಣ್ಣ, ಇಳಿಸೋಕೆ ಹೇಳಿ. ನಾನಿಲ್ದೆ ನಮ್ಮೋರು ಹತ್ತೇ ಜನ.”

“ಇರೋ, ಒಂದು ಸೆಲ್ಫಿ.”

“ಆಗ್ಲೇ ತಗೊಂಡ್ರಲ್ಲ.”

“ಅದು ನಂದು. ಇದು ನಮ್ಮ ಬಾಮೈದಂಗೆ.”

ಬಾಮೈದನೂ ಬಂದ. ಅವನ ಹೆಂಡತಿಯೂ ಬಂದಳು. ನಾನು ಹಲ್ಲು ಕಿರಿಯುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಇಡೀ ಗ್ಯಾಲರಿ ಕಿರುಚುತ್ತ ಎದ್ದು ಕುಣಿಯಿತು.

ಚೌರಪ್ಪಣ್ಣ ಹುಡುಗರಿಗೆ ಕಣ್ಸನ್ನೆ ಮಾಡಿದರು. ಅವರು ನನ್ನನ್ನು ಮೆಲ್ಲಗೆ ಕೆಳಗಿಳಿಸಿ, ಅಂಗಿ ಸರಿಮಾಡಿ, ಬೆನ್ನು ತಟ್ಟಿದರು.

“ಈಗ ಹೋಗಪ್ಪ,” ಅಂದರು ಚೌರಪ್ಪಣ್ಣ. “ಸ್ಕೋರು ಒಂದು-ಒಂದು ಆಯ್ತು.”