ಹಸಿರು ಛತ್ರಿ

ಬಾಗಿಲ ಹೊರಗೆ ನಿಂತ ಬಸ್ ಡ್ರೈವರನಿಗೆ ಗುಟ್ಟಿನ ಮಾತು ಚೆನ್ನಾಗಿಯೇ ನೆನಪಿತ್ತು: ಹಸಿರು ಛತ್ರಿ. ಆದರೆ ನಾಲಿಗೆಯೇ ಹೊರಳುತ್ತಿರಲಿಲ್ಲ. ಬಲಗೈ ಯಾರದೋ ಎಂಬಂತೆ ಜೋತುಬಿದ್ದಿತ್ತು, ಬಲಗಾಲಿನ ಚಪ್ಪಲಿ ಮೆಟ್ಟಿಲ ಮೇಲೇ ಕಳಚಿಹೋಗಿತ್ತು. ಎದುರು ಮನೆಗೆ ಬೀಗ. ಹೆಂಡತಿ ಕೆಲಸದಿಂದ ಬರಲು ಇನ್ನೂ ಹೊತ್ತಿತ್ತು. ಎಡಗೈಯಿಂದ ಬಾಗಿಲು ಬಡಿದ.

“ಯಾರು? ಗುಟ್ಟಿನ ಮಾತು ಹೇಳಿ,” ಒಳಗಿನಿಂದ ಪುಟ್ಟ ಮಗಳು ಗದರಿದಳು.

“ಹ... ಹಫ...” ಎಂದಷ್ಟೇ ಬಂತು. ಕಾಲ ಕೆಟ್ಟಿದೆ, ಮಗು ಒಬ್ಬಳೇ ಇರುವಾಗ ಯಾರಾದರೂ ನುಗ್ಗಿದರೆ ಎಂದು ಈ ಕಟ್ಟುನಿಟ್ಟು ಮಾಡಿದವನು ಅವನೇ. ಅಪ್ಪನ ದನಿಯೇ ಕೇಳಿಸಿದರೂ ಆ ಮಾತು ಹೇಳದೆ ಬಾಗಿಲು ತೆಗೆಯಕೂಡದು. ಆಗಾಗ ಅವನೇ ಹೊರಗೆ ನಿಂತು ಅತ್ತು, ನರಳಿ ಪರೀಕ್ಷೆ ಮಾಡುತ್ತಿದ್ದ. ಒಮ್ಮೆ ಅವಳು ಮೋಸಹೋಗಿ ತೆಗೆದಾಗ ಬೈದು ಬೆಂಡೆತ್ತಿದ್ದ.

ಗೋಡೆಗೆ ಒರಗಿ ಕುಸಿಯುತ್ತ ಇನ್ನೊಮ್ಮೆ ಪ್ರಯತ್ನಿಸಿದ. ಗಂಟಲಿನಿಂದ ಬರೀ ನರಳಿಕೆ ಹೊರಟಿತು.

ಮಗಳು ಕಿಲಕಿಲ ನಕ್ಕಳು. “ಅಪ್ಪಾ, ನೀನೇ ಅಂತ ಗೊತ್ತಾಯ್ತು ಬಿಡು! ಇವತ್ತು ಎಷ್ಟು ಚೆನ್ನಾಗಿ ನಾಟಕ ಮಾಡ್ತಿದ್ದೀಯ! ಆದ್ರೂ ತೆಗೆಯಲ್ಲಪ್ಪ, ನಾನೇನು ಪೆದ್ದಿನಾ?”

ಒಳಗೆ ಸ್ಟೂಲು ಎಳೆದ ಸದ್ದು ಕೇಳಿಸಿತು. ಆಮೇಲೆ ಮೇಲಿನ ಚಿಲಕವೂ ಬಿತ್ತು.