ಅಜ್ಜಿಯ ಕಿವಿ ತಪ್ಪಿದ ಕಾಯಿ

ಈಗಲೂ ಕೊಬ್ಬರಿ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಚನ್ನರಾಯಪಟ್ಟಣದ ನಮ್ಮ ಮನೆಯ ಅಟ್ಟದ ವಾಸನೆ ಬರುತ್ತದೆ.

ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ತೆಂಗಿನಕಾಯನ್ನು ಅಜ್ಜಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ್ನೂ ನೀರಿದೆಯೋ, ಕೊಬ್ಬರಿಯಾಗಿದೆಯೋ ಹೇಳಿಬಿಡುತ್ತಿದ್ದಳು. ಆ ಮಾತು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅವತ್ತು ವಿಜ್ಞಾನದ ಮೇಷ್ಟ್ರು, "ಮನೇಲಿ ಒಂದು ಪರೀಕ್ಷೆ ಮಾಡಿ. ಮೊದಲು ಊಹೆ ಬರೀರಿ, ಆಮೇಲೆ ಕಂಡದ್ದು ಬರೀರಿ" ಅಂದಿದ್ದರು. ನಾನು ಸ್ಲೇಟು ಹಿಡಿದು ಒಂದೇ ಉಸಿರಿಗೆ ಅಟ್ಟ ಹತ್ತಿದೆ.

ಅಜ್ಜಿ ಅಲ್ಲಾಡಿಸಿ ಹೇಳಿದಳು, ನಾನು ಬರೆದೆ, ಅವಳು ಸುಲಿದು ಮಚ್ಚಿನಿಂದ ಒಡೆದಳು. ಮೊದಲನೆಯದು ಸರಿ! ಎರಡನೆಯದೂ ಸರಿ! ನಾನು ಅಟ್ಟದ ಹಲಗೆಯ ಮೇಲೆ ದಡದಡ ಕುಣಿಯತೊಡಗಿದೆ. ಮೂರನೆಯದಕ್ಕೆ "ಕೊಬ್ರಿಯಾಗದೆ" ಅಂದಳು. ಒಡೆದರೆ ನೀರು ಅವಳ ಸೀರೆಯ ಮೇಲೆ ಚೆಲ್ಲಿತು.

ಅಜ್ಜಿಯ ಮಾನ ಹೋಯಿತಲ್ಲ ಎಂದು ಉಗುಳು ಹಚ್ಚಿ ಸ್ಲೇಟು ಒರೆಸಹೋದೆ. ಅವಳು ಕೈ ಹಿಡಿದುಕೊಂಡಳು.

"ಅಳಿಸ್ಬ್ಯಾಡ ಕಣವ್ವ. ಯಾಕಿಂಗಾಯ್ತು ನೋಡಾನ. ಇನ್ನೊಂದ್ ಕಾಯಿ ತತ್ತಾ!"

ಅದನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾ, "ಈಗ ಕುಣಿ" ಅಂದಳು. ಕುಣಿದೆ. ಒಳಗೆ ಕೊಬ್ಬರಿ ಲೊಟಲೊಟ ಅಂದ ಹಾಗೆ ಕೇಳಿತಂತೆ.

"ಈಗ ಸುಮ್ಕೆ ನಿಂತ್ಕೊ."

ನಿಂತೆ. ಅದೇ ಕಾಯಿ ಗುಳುಗುಳು ಅಂದಿತು. ನನಗೂ ಕೇಳಿಸಿತು! ಒಡೆದರೆ ನೀರು!

"ಹಲಗೆ ಸದ್ದು ಕಣೆ! ಹಲಗೆ ಸದ್ದು!" ಅಂತ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. ಆಮೇಲೆ ಅಕ್ಷರ ಬಾರದ ಅವಳು ಸ್ಲೇಟಿನ ಮೇಲೆ ಬೆರಳಿಟ್ಟಳು.

"ನಾ ತಪ್ಪಿದ್ನಲ್ಲ, ಅದ್ನ ವಸಿ ದೊಡ್ಡದಾಗಿ ಬರಿ, ಮೇಷ್ಟ್ರಿಗೆ ಕಾಣ್ಲಿ. ಪಕ್ದಾಗೆ ಕುಣಿದೋಳ್ ಹೆಸ್ರೂ ಬರಿ."