ಯಾರೂ ಇಳಿಸಿಕೊಳ್ಳದ ಮಾತು

ತೀರಿಕೊಂಡವರ ದನಿ, ಮಾತುಗಳನ್ನು ಕಾದಿಟ್ಟುಕೊಳ್ಳುವ ಸರ್ವರ್ ಕಚೇರಿ ದಾವಣಗೆರೆ ಬಸ್ ನಿಲ್ದಾಣದ ಮೇಲ್ಮಹಡಿಯಲ್ಲಿತ್ತು. ವಿನುತಾ ಗಂಡ ಗಿರಿಧರನ ಮರಣಪತ್ರ ಹಿಡಿದು ಕುಳಿತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಿದ್ದರಿಂದ ರಾಜ್ಯದ ಮಕ್ಕಳೆಲ್ಲ ಗಣಿತದ ಗಿರಿಧರ ಮೇಷ್ಟ್ರನ್ನು ಫೋನಿಗೆ ಇಳಿಸಿಕೊಳ್ಳಲು ಮುಗಿಬಿದ್ದು, ಅವನಿದ್ದ ಹಳೆಯ ಸರ್ವರ್ ದಿನವೂ ಕೆಟ್ಟು ಕೂರುತ್ತಿತ್ತು.

“ಸತ್ತ ಮೇಲೂ ಮೇಷ್ಟ್ರು ಟ್ಯೂಷನ್ ಬಿಟ್ಟಿಲ್ಲ ನೋಡಕ್ಕ,” ಎಂದಳು ಗುಮಾಸ್ತೆ ಹಾಲಮ್ಮ. “ಇಷ್ಟು ಜನಕ್ಕೆ ದೊಡ್ಡ ಸರ್ವರೇ ಬೇಕು. ಆದ್ರೆ ಅದ್ರಲ್ಲಿ ಜನ ಕೇಳೋದಷ್ಟೇ ಉಳಿಯುತ್ತೆ. ಪಾಠ ಇರುತ್ತೆ, ಮನೇಲಿ ಆಡಿದ ಮಾತು ಅಳಿಸಿಹೋಗುತ್ತೆ. ಇಲ್ಲಿ ಅಳಿಸಿದ್ರೆ ಎಲ್ಲಾ ಕಡೆನೂ ಹೋದಂಗೆ. ಮನೆಯವರಿಗಷ್ಟೇ ಸಿಗೋ ಚಿಕ್ಕ ಸರ್ವರಲ್ಲಿ ಎಲ್ಲಾ ಇರುತ್ತೆ, ಆದ್ರೆ ಮಕ್ಕಳಿಗೆ ಸಿಗಲ್ಲ.”

“ಮನೆಯ ಮಾತು ಯಾರಾದ್ರೂ ಇಳಿಸಿಕೊಂಡಿದಾರಾ?”

“ಈ ವರ್ಷ ಯಾರೂ ಇಲ್ಲ. ನೀನೂ ಇಲ್ಲ.”

ಆ ದನಿ ಕೇಳುವ ಧೈರ್ಯ ವಿನುತಾಳಿಗೆ ಬಂದಿರಲಿಲ್ಲ. ಅವಳು ದೊಡ್ಡ ಸರ್ವರಿನ ಅರ್ಜಿಯನ್ನು ಹತ್ತಿರಕ್ಕೆಳೆದುಕೊಂಡಳು. ಅಳಿಸುವ ಮುಂಚೆ ಒಂದು ಸಲ ಕೇಳಲಿ ಎಂದು ಹಾಲಮ್ಮ ಇಯರ್‌ಫೋನ್ ಕೊಟ್ಟಳು.

“ವಿನೂ, ಟವೆಲ್ ಎಲ್ಲಿಟ್ಟೆ?”

“ಬಾಗಿಲ ಹಿಂದೆ ಇದೆ ರೀ,” ಎಂದು ಕಚೇರಿಗೆಲ್ಲ ಕೇಳುವಂತೆ ಹೇಳಿ, ಅವನಿಗದು ಸಿಗುವಷ್ಟು ಹೊತ್ತು ಕಾದು, ವಿನುತಾ ದೊಡ್ಡ ಸರ್ವರಿನ ಅರ್ಜಿಗೆ ಸಹಿ ಮಾಡಿದಳು.